ಮಲ್ಟಿಪಲ್ ಸ್ಕ್ಲೆರೋಸಿಸ್: ಮೆದುಳಿನಲ್ಲಿ ಸಿಗುವ ಪ್ರತಿಕಾಯಗಳು ಅಪರಾಧಿಗಳೇ, ಸಾಕ್ಷಿಗಳೇ?

ಕೋವಿಡ್ ಬಂದುಹೋದ ಮೇಲೆ 'ಪ್ರತಿಕಾಯ' ಅಥವಾ 'ಆ್ಯಂಟಿಬಾಡಿ' ಎಂಬ ಪದ ಮನೆಮನೆಗೂ ಪರಿಚಯವಾಗಿದೆ. ಲಸಿಕೆ ಹಾಕಿಸಿಕೊಂಡರೆ ಪ್ರತಿಕಾಯಗಳು ಹುಟ್ಟುತ್ತವೆ, ಅವು ವೈರಸ್ಸನ್ನು ತಡೆಯುತ್ತವೆ, ಹಾಗಾಗಿ ಅವು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು ಎಂದು ನಮ್ಮಲ್ಲಿ ಹೆಚ್ಚಿನವರು ಭಾವಿಸಿದ್ದೇವೆ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಇದೇ ಪ್ರತಿಕಾಯಗಳು ಮೆದುಳಿನ ಸುತ್ತಲಿನ ದ್ರವದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಸೇರಿಕೊಂಡಿರುತ್ತವೆ. ಹಾನಿಯಾದ ಮೆದುಳಿನ ಭಾಗದಲ್ಲೂ ಅವು ಸಿಗುತ್ತವೆ.

ಹಾಗಾದರೆ ಮೆದುಳನ್ನು ಹಾಳು ಮಾಡುವುದು ಇವೇನಾ? ಅಥವಾ ಬೇರೆ ಯಾರೋ ಮಾಡಿದ ಹಾನಿಯ ಜಾಗಕ್ಕೆ ಇವು ಆಮೇಲೆ ಬಂದವೇ? ಎಂಬತ್ತು ವರ್ಷಗಳಿಂದ ವಿಜ್ಞಾನಿಗಳು ಕೇಳುತ್ತಿರುವ ಪ್ರಶ್ನೆ ಇದು. ರೋಗಿಗೆ ಯಾವ ಔಷಧ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದಕ್ಕೂ ಇದರ ಉತ್ತರ ಬೇಕಾಗುತ್ತದೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೇನು?

ಮನೆಯ ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ಅನೇಕ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಸಂದೇಶಗಳು ವೇಗವಾಗಿ ಸಾಗುವುದು ಈ ಹೊದಿಕೆಯಿಂದಾಗಿ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಇದನ್ನು ತಯಾರಿಸುವುದು ಆಲಿಗೊಡೆಂಡ್ರೊಸೈಟ್ ಎಂಬ ಕೋಶಗಳು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ (ಇನ್ನು ಮುಂದೆ ಎಂಎಸ್ ಎನ್ನೋಣ) ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹೊದಿಕೆ ಕಳಚಿದ ಜಾಗದಲ್ಲಿ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಒಂದು ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ವಿಪರೀತ ಸುಸ್ತು ಇದರ ಲಕ್ಷಣಗಳಲ್ಲಿ ಕೆಲವು. ಅನೇಕರಲ್ಲಿ ಲಕ್ಷಣಗಳು ಕೆಲವು ವಾರ ಕಾಡಿ, ಕಡಿಮೆಯಾಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮರುಕಳಿಸುತ್ತವೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಳ್ಳುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಎಂಎಸ್ ಇದೆ ಎಂಬ ಅಂದಾಜಿದೆ.

1868ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ ಈ ರೋಗದ ಸ್ಪಷ್ಟ ವಿವರಣೆ ಕೊಟ್ಟರು. ತೀರಿಕೊಂಡ ರೋಗಿಗಳ ಮೆದುಳಿನಲ್ಲಿ ಅಲ್ಲಲ್ಲಿ ಗಡಸಾದ ಮಚ್ಚೆಗಳು ಕಂಡಿದ್ದವು. 'ಸ್ಕ್ಲೆರೋಸಿಸ್' ಎಂದರೆ ಗಡಸಾಗುವುದು, 'ಮಲ್ಟಿಪಲ್' ಎಂದರೆ ಹಲವು ಕಡೆ. ಕಾಯಿಲೆಯ ಹೆಸರು ಬಂದದ್ದು ಹೀಗೆ.

ಪ್ರತಿಕಾಯಗಳು ಮೆದುಳಿನ ಬಳಿ ಹೇಗೆ ಬರುತ್ತವೆ?

ಪ್ರತಿಕಾಯವೆಂದರೆ ಇಂಗ್ಲಿಷಿನ 'ವೈ' ಅಕ್ಷರದ ಆಕಾರದ ಒಂದು ಪ್ರೋಟೀನ್. ಅದರ ಎರಡು ತೋಳುಗಳು ಒಂದು ನಿರ್ದಿಷ್ಟ ಗುರಿಯನ್ನು ಮಾತ್ರ ಹಿಡಿದುಕೊಳ್ಳುತ್ತವೆ. ಬುಡದ ಭಾಗ 'ಇಲ್ಲಿದೆ ನೋಡಿ' ಎಂದು ಉಳಿದವರನ್ನು ಕರೆಯುತ್ತದೆ. ಆ ಕರೆಗೆ ಮುಖ್ಯವಾಗಿ ಎರಡು ಕಡೆಯಿಂದ ಓಗೊಡುವವರಿದ್ದಾರೆ. ಒಂದು, ಗುರಿಯನ್ನು ನುಂಗಿಹಾಕುವ ಭಕ್ಷಕ ಕೋಶಗಳು. ಇನ್ನೊಂದು, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳ ಗುಂಪು. ಇವು ಒಂದಕ್ಕೊಂದು ಸೇರಿ ಗುರಿಯಾದ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ.

ಪ್ರತಿಕಾಯಗಳ ಮೂಲ ಬಿ ಕೋಶಗಳು. ಗುರಿ ಎದುರಾದಾಗ ಕೆಲವು ಬಿ ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಬೆಳೆದು, ಒಂದೇ ಬಗೆಯ ಪ್ರತಿಕಾಯವನ್ನು ಕಾರ್ಖಾನೆಯಂತೆ ತಯಾರಿಸುತ್ತವೆ.

ಆರೋಗ್ಯವಂತರ ಮೆದುಳಿಗೆ ಪ್ರತಿಕಾಯಗಳು ಸುಲಭವಾಗಿ ನುಗ್ಗಲಾರವು. ರಕ್ತನಾಳಗಳ ಒಳಪದರದ ಕೋಶಗಳು ಒತ್ತಾಗಿ ಹೆಣೆದುಕೊಂಡು ಒಂದು ತಡೆಗೋಡೆ ಕಟ್ಟಿರುತ್ತವೆ. ಹಾಗಾಗಿ ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿ ಪ್ರತಿಕಾಯಗಳು ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಕಡಿಮೆ. ಎಂಎಸ್‌ನಲ್ಲಿ ಈ ಗೋಡೆ ಕೆಲವೆಡೆ ಸಡಿಲವಾಗುತ್ತದೆ. ಬಿ ಕೋಶಗಳೇ ಒಳಗೆ ಬಂದು ಬೀಡು ಬಿಡುತ್ತವೆ, ಪ್ರತಿಕಾಯ ಅಲ್ಲೇ ತಯಾರಾಗತೊಡಗುತ್ತದೆ. ರೋಗ ಮುಂದುವರಿದ ಕೆಲವರಲ್ಲಿ ಮೆದುಳನ್ನು ಸುತ್ತಿರುವ ಪೊರೆಯಲ್ಲಿ ಬಿ ಕೋಶಗಳ ಗುಂಪುಗಳು ದುಗ್ಧಗ್ರಂಥಿಯಂತಹ ರಚನೆಯನ್ನೇ ಕಟ್ಟಿಕೊಂಡಿರುವುದು 2004ರ ನಂತರದ ಅಧ್ಯಯನಗಳಲ್ಲಿ ಕಂಡಿದೆ. ಇಂತಹ ಗುಂಪುಗಳಿದ್ದವರಲ್ಲಿ ಅದರ ಕೆಳಗಿನ ಮೆದುಳಿನ ಹೊರಪದರಕ್ಕೆ ಹೆಚ್ಚು ಹಾನಿಯಾಗಿತ್ತು.

ಮೊದಲ ಸುಳಿವು: ದ್ರವದಲ್ಲಿನ ಗೆರೆಗಳು

1942ರಲ್ಲಿ ಅಮೆರಿಕದ ಎಲ್ವಿನ್ ಕ್ಯಾಬಟ್ ಮತ್ತು ಸಂಗಡಿಗರು ರೋಗಿಗಳ ಮೆದುಳು-ಬೆನ್ನುಹುರಿಯ ದ್ರವವನ್ನು ವಿದ್ಯುತ್ ಹಾಯಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ವಿಧಾನದಿಂದ ಪರೀಕ್ಷಿಸಿದರು. ಎಂಎಸ್ ಇದ್ದವರಲ್ಲಿ ಗ್ಯಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳು ಸೇರಿರುವ ಪ್ರೋಟೀನ್ ಗುಂಪು, ಹೆಚ್ಚಾಗಿತ್ತು.

ಮುಂದೆ ಈ ಪರೀಕ್ಷೆ ಇನ್ನಷ್ಟು ನಿಖರವಾಯಿತು. ಇಂದು ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ ತೆಗೆದ ದ್ರವವನ್ನೂ ಅದೇ ವ್ಯಕ್ತಿಯ ರಕ್ತವನ್ನೂ ಜೆಲ್ ಮೇಲೆ ಅಕ್ಕಪಕ್ಕ ಓಡಿಸುತ್ತಾರೆ. ಆರೋಗ್ಯವಂತರಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಬೆರೆತು ಮಸುಕಾದ ಪಟ್ಟಿಯೊಂದು ಕಾಣುತ್ತದೆ. ಎಂಎಸ್ ಇದ್ದವರ ದ್ರವದಲ್ಲಿ ಅದರ ಮೇಲೆ ಕೆಲವು ಕಡುಗೆರೆಗಳು ಮೂಡುತ್ತವೆ. ರಕ್ತದಲ್ಲಿ ಆ ಗೆರೆಗಳಿರುವುದಿಲ್ಲ. ಕೆಲವೇ ಬಿ ಕೋಶ ವಂಶಗಳು ಮೆದುಳಿನ ಬಳಿಯೇ ಕೂತು ಪ್ರತಿಕಾಯ ಸುರಿಸುತ್ತಿವೆ ಎಂಬುದು ಇದರ ಅರ್ಥ. ಇವಕ್ಕೆ ಆಲಿಗೊಕ್ಲೋನಲ್ ಗೆರೆಗಳು ಎಂದು ಹೆಸರು.

ಯುರೋಪಿನ ಎಂಎಸ್ ರೋಗಿಗಳಲ್ಲಿ ಶೇ. 90ರ ಆಸುಪಾಸಿನವರಲ್ಲಿ ಈ ಗೆರೆಗಳು ಸಿಗುತ್ತವೆ. ಏಷ್ಯಾದ ಅಧ್ಯಯನಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಒಮ್ಮೆ ಮೂಡಿದ ಗೆರೆಗಳು ಸಾಮಾನ್ಯವಾಗಿ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಅವು ರೋಗ ಪತ್ತೆಗೆ ಎಷ್ಟು ಉಪಯುಕ್ತವೆಂದರೆ, ಎಂಎಸ್ ಗುರುತಿಸಲು ವೈದ್ಯರು ಬಳಸುವ ಮೆಕ್‌ಡೊನಾಲ್ಡ್ ಮಾನದಂಡಗಳಲ್ಲಿ 2017ರ ಪರಿಷ್ಕರಣೆಯಿಂದ ಅವುಗಳಿಗೆ ದೊಡ್ಡ ಸ್ಥಾನ ಸಿಕ್ಕಿದೆ.

ಆದರೆ ಗೆರೆ ಕಂಡಿತೆಂದ ಮಾತ್ರಕ್ಕೆ ಆ ಪ್ರತಿಕಾಯವೇ ಹಾನಿ ಮಾಡಿತು ಎನ್ನಲಾಗದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು.

ಹಾನಿಯಾದ ಜಾಗದಲ್ಲಿ ಕಂಡದ್ದೇನು?

ದ್ರವ ಬಿಟ್ಟು ಮೆದುಳಿನ ಅಂಗಾಂಶವನ್ನೇ ನೋಡಿದರೆ? 2000ದಲ್ಲಿ ಕ್ಲೌಡಿಯಾ ಲುಕಿನೆಟ್ಟಿ ಮತ್ತು ಸಂಗಡಿಗರು 51 ಬಯಾಪ್ಸಿ, 32 ಮರಣೋತ್ತರ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಮಯಲಿನ್ ಕಳಚುವುದರಲ್ಲಿ ನಾಲ್ಕು ಬಗೆಗಳಿವೆ ಎಂದರು. ಮೊದಲ ಬಗೆಯಲ್ಲಿ ಟಿ ಕೋಶಗಳು ಮತ್ತು ಭಕ್ಷಕ ಕೋಶಗಳದೇ ಕಾರುಬಾರು. ಎರಡನೆಯದರಲ್ಲಿ ಅವುಗಳ ಜೊತೆಗೆ ಪ್ರತಿಕಾಯ ಮತ್ತು ಕಾಂಪ್ಲಿಮೆಂಟ್ ಕೂಡ ಮಯಲಿನ್ ಮೇಲೆ ಕೂತಿದ್ದವು. ಹೆಚ್ಚು ಜನರಲ್ಲಿ ಕಂಡದ್ದು ಈ ಎರಡನೇ ಬಗೆ. ಮೂರು ಮತ್ತು ನಾಲ್ಕನೇ ಬಗೆಗಳಲ್ಲಿ ಮಯಲಿನ್ ತಯಾರಿಸುವ ಕೋಶಗಳೇ ಸಾಯುತ್ತಿದ್ದವು. ಅಲ್ಲಿ ಪ್ರತಿಕಾಯದ ಪಾತ್ರ ಕಾಣಲಿಲ್ಲ.

ಈ ವಿಂಗಡಣೆಗೆ ಬಲ ಕೊಟ್ಟದ್ದು 2005ರ ಒಂದು ಸಣ್ಣ ಅಧ್ಯಯನ. ತೀವ್ರ ದಾಳಿಗೆ ಒಳಗಾಗಿದ್ದ 19 ಮಂದಿಗೆ ಪ್ಲಾಸ್ಮಾ ಬದಲಾವಣೆ ಮಾಡಲಾಗಿತ್ತು. ಅಂದರೆ ರಕ್ತದ ದ್ರವಭಾಗವನ್ನು ತೆಗೆದು, ಅದರಲ್ಲಿನ ಪ್ರತಿಕಾಯಗಳನ್ನೂ ಹೊರಹಾಕುವ ಚಿಕಿತ್ಸೆ. ಎರಡನೇ ಬಗೆಯ ಹಾನಿ ಇದ್ದ 10 ಜನರೂ ಗಣನೀಯವಾಗಿ ಚೇತರಿಸಿಕೊಂಡರು. ಉಳಿದ ಬಗೆಯ 9 ಜನರಲ್ಲಿ ಒಬ್ಬರಿಗೂ ಅಷ್ಟು ಪ್ರಯೋಜನವಾಗಲಿಲ್ಲ. ಕೆಲವರಲ್ಲಾದರೂ ಪ್ರತಿಕಾಯಗಳು ಸುಮ್ಮನೆ ನಿಂತು ನೋಡುತ್ತಿಲ್ಲ ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಇದಕ್ಕೆ ಎದುರಾದ ವಾದಗಳೂ ಇವೆ. 2004ರಲ್ಲಿ ಆಸ್ಟ್ರೇಲಿಯಾದ ಬಾರ್ನೆಟ್ ಮತ್ತು ಪ್ರಿನಿಯಸ್, ಆಗತಾನೇ ಹುಟ್ಟಿದ ಹಾನಿಯ ಜಾಗಗಳಲ್ಲಿ ರೋಗನಿರೋಧಕ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಬರುವ ಮೊದಲೇ ಆಲಿಗೊಡೆಂಡ್ರೊಸೈಟ್‌ಗಳು ಸಾಯುತ್ತಿದ್ದುದನ್ನು ತೋರಿಸಿದರು. 2008ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡವೊಂದು, ರೋಗ ಹಳೆಯದಾದವರ ಸಕ್ರಿಯ ಹಾನಿಗಳಲ್ಲಿ ಇಂತಹ ನಾಲ್ಕು ಬಗೆ ಕಾಣುವುದಿಲ್ಲ, ಪ್ರತಿಕಾಯ ಮತ್ತು ಕಾಂಪ್ಲಿಮೆಂಟ್ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ ಎಂದಿತು. ಅಂದರೆ ನಾಲ್ಕು ಬಗೆಗಳು ನಾಲ್ಕು ತರದ ರೋಗಿಗಳನ್ನು ಸೂಚಿಸುತ್ತವೋ, ಒಂದೇ ರೋಗದ ಬೇರೆಬೇರೆ ಹಂತಗಳನ್ನೋ ಎಂಬ ಚರ್ಚೆ ಮುಂದುವರಿದಿದೆ.

ಈ ಪ್ರತಿಕಾಯಗಳು ಹಿಡಿಯುವುದು ಯಾವುದನ್ನು?

ಪ್ರತಿಕಾಯವೇ ಅಪರಾಧಿ ಎನ್ನಬೇಕಾದರೆ ಅದರ ಗುರಿ ಯಾವುದೆಂದು ತೋರಿಸಬೇಕು. ಈ ಹುಡುಕಾಟದಲ್ಲಿ ನಿರಾಸೆಗಳೇ ಹೆಚ್ಚು. 2012ರಲ್ಲಿ ಜರ್ಮನಿಯ ಸಂಶೋಧಕರು ಎಂಎಸ್ ಇರುವ ಸುಮಾರು ಶೇ. 47 ಜನರ ರಕ್ತದಲ್ಲಿ, ಮೆದುಳಿನ ಕೆಲವು ಕೋಶಗಳ ಮೇಲಿರುವ ಕೆಐಆರ್4.1 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯ ಇದೆ ಎಂದಾಗ ದೊಡ್ಡ ಸುದ್ದಿಯಾಯಿತು. ಬೇರೆ ಪ್ರಯೋಗಾಲಯಗಳು ಅದೇ ಫಲಿತಾಂಶ ಪಡೆಯಲು ಪ್ರಯತ್ನಿಸಿ ವಿಫಲವಾದವು.

2016ರಲ್ಲಿ ಇನ್ನೊಂದು ಜರ್ಮನ್ ತಂಡ ಕಡುಗೆರೆಗಳಲ್ಲಿನ ಪ್ರತಿಕಾಯಗಳನ್ನೇ ಮರುಸೃಷ್ಟಿಸಿ ಗುರಿ ಹುಡುಕಿತು. ಪತ್ತೆಯಾದ ಗುರಿಗಳು ಮಯಲಿನ್ ಆಗಿರಲಿಲ್ಲ. ಎಲ್ಲ ಬಗೆಯ ಕೋಶಗಳ ಒಳಗೂ ಇರುವ ಸಾಮಾನ್ಯ ಪ್ರೋಟೀನ್‌ಗಳಾಗಿದ್ದವು. ಕೋಶ ಒಡೆದಾಗ ಮಾತ್ರ ಅವು ಹೊರಬರುತ್ತವೆ. ಹಾಗಾಗಿ ಈ ಪ್ರತಿಕಾಯಗಳಲ್ಲಿ ಕೆಲವಾದರೂ ಹಾನಿಯಾದ ನಂತರ ಬಿದ್ದ ಕಸಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿರಬೇಕು. ಬೆಂಕಿ ಬಿದ್ದ ಕಡೆಯೆಲ್ಲ ಅಗ್ನಿಶಾಮಕ ದಳದವರು ಕಾಣುತ್ತಾರೆಂದು ಬೆಂಕಿ ಹಚ್ಚಿದವರು ಅವರೇ ಎನ್ನಲಾದೀತೇ?

ಆದರೆ 2022ರಲ್ಲಿ ಎರಡು ಮಹತ್ವದ ವರದಿಗಳು ಬಂದವು. ಒಂದರಲ್ಲಿ ಅಮೆರಿಕದ ಸೇನೆಯಲ್ಲಿದ್ದ 1 ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಲಾಗಿತ್ತು. ಎಪ್‌ಸ್ಟೀನ್-ಬಾರ್ ಎಂಬ ವೈರಸ್ ತಗಲಿದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಹೆಚ್ಚುವುದು ಕಂಡುಬಂತು. ಇನ್ನೊಂದರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ರೋಗಿಯೊಬ್ಬರ ದ್ರವದಲ್ಲಿದ್ದ ಬಿ ಕೋಶದ ಪ್ರತಿಕಾಯವನ್ನು ಪರೀಕ್ಷಿಸಿದರು. ಅದು ಈ ವೈರಸ್ಸಿನ ಇಬಿಎನ್ಎ1 ಎಂಬ ಪ್ರೋಟೀನನ್ನೂ, ಮೆದುಳಿನ ಗ್ಲಿಯಲ್‌ಕ್ಯಾಮ್ ಎಂಬ ಪ್ರೋಟೀನನ್ನೂ ಹಿಡಿಯುತ್ತಿತ್ತು. ಎರಡರ ಒಂದು ಭಾಗ ಒಂದನ್ನೊಂದು ಹೋಲುವುದೇ ಇದಕ್ಕೆ ಕಾರಣ. ಇಂತಹ ಪ್ರತಿಕಾಯ ಕಂಡದ್ದು ಸುಮಾರು ಕಾಲು ಭಾಗ ರೋಗಿಗಳಲ್ಲಿ. ವೈರಸ್ಸನ್ನು ಹಿಡಿಯಲು ಹೊರಟ ಕಾವಲುಗಾರ ಮುಖದ ಹೋಲಿಕೆಯಿಂದ ಮನೆಯವರನ್ನೇ ಹಿಡಿದಂತೆ.

ಔಷಧ ತಂದ ಅಚ್ಚರಿ

ಈ ಕತೆಯಲ್ಲಿ ಎಲ್ಲರನ್ನೂ ತಬ್ಬಿಬ್ಬು ಮಾಡಿದ ತಿರುವು ಬಂದದ್ದು ಚಿಕಿತ್ಸೆಯ ಕಡೆಯಿಂದ. ರಿಟುಕ್ಸಿಮ್ಯಾಬ್ ಎಂಬ ಔಷಧ ಬಿ ಕೋಶಗಳ ಮೇಲಿರುವ ಸಿಡಿ20 ಎಂಬ ಗುರುತನ್ನು ಹಿಡಿದು ಅವನ್ನು ನಾಶಮಾಡುತ್ತದೆ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಮೇಲೆ ಆ ಗುರುತು ಇಲ್ಲ, ಹಾಗಾಗಿ ಅವು ಉಳಿದುಕೊಳ್ಳುತ್ತವೆ. 2008ರಲ್ಲಿ 104 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಹುಸಿಮದ್ದು ಪಡೆದವರಿಗೆ ಹೋಲಿಸಿದರೆ ಔಷಧ ಪಡೆದವರ ಎಂಆರ್‌ಐ ಚಿತ್ರಗಳಲ್ಲಿ ಉರಿಯೂತದ ಮಚ್ಚೆಗಳು ಶೇ. 91ರಷ್ಟು ಕಡಿಮೆಯಾಗಿದ್ದವು. ಕೆಲವೇ ವಾರಗಳಲ್ಲಿ ಪರಿಣಾಮ ಕಾಣತೊಡಗಿತ್ತು. ಅಷ್ಟು ಬೇಗ ಪ್ರತಿಕಾಯಗಳ ಪ್ರಮಾಣ ಹೆಚ್ಚೇನೂ ಇಳಿದಿರಲಿಲ್ಲ.

ಅಂದರೆ ಬಿ ಕೋಶಗಳು ತೊಂದರೆ ಕೊಡುವುದು ಪ್ರತಿಕಾಯದ ಮೂಲಕವಷ್ಟೇ ಅಲ್ಲ. ಅವು ಗುರಿಯ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸಿ ಅವನ್ನು ಎತ್ತಿಕಟ್ಟುತ್ತವೆ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಬಿಡುಗಡೆ ಮಾಡುತ್ತವೆ. ಇದೇ ದಾರಿಯಲ್ಲಿ ಬಂದ ಓಕ್ರೆಲಿಜುಮ್ಯಾಬ್ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಶುರುವಿನಿಂದಲೇ ನಿಧಾನವಾಗಿ ಬಿಗಡಾಯಿಸುತ್ತ ಹೋಗುವ ಎಂಎಸ್‌ಗೆ ಅನುಮತಿ ಪಡೆದ ಮೊದಲ ಔಷಧ ಅದು.

ಇದಕ್ಕೆ ತದ್ವಿರುದ್ಧ ಅನುಭವ ಅಟಾಸಿಸೆಪ್ಟ್ ಎಂಬ ಔಷಧದ್ದು. ಅದು ಪ್ರತಿಕಾಯಗಳ ಪ್ರಮಾಣವನ್ನು ಇಳಿಸುತ್ತದೆ. ಪ್ರತಿಕಾಯವೇ ಮುಖ್ಯ ಅಪರಾಧಿಯಾಗಿದ್ದರೆ ರೋಗಿಗಳಿಗೆ ಒಳ್ಳೆಯದಾಗಬೇಕಿತ್ತು. ಆದದ್ದು ಬೇರೆ: ಮರುಕಳಿಕೆಗಳು ಹೆಚ್ಚಾದವು, ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು.

ಪ್ರತಿಕಾಯವೇ ಅಪರಾಧಿಯಾದ ಕಾಯಿಲೆ

ಪ್ರತಿಕಾಯ ನಿಜಕ್ಕೂ ಅಪರಾಧಿಯಾದರೆ ಹೇಗಿರುತ್ತದೆ ಎಂದು ತಿಳಿಯಲು ಎಂಎಸ್‌ನ 'ಹೋಲಿಕೆಯ ಕಾಯಿಲೆ'ಯೊಂದನ್ನು ನೋಡಬೇಕು. ಅದರ ಹೆಸರು ನ್ಯೂರೋಮಯಲೈಟಿಸ್ ಆಪ್ಟಿಕಾ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹೆಚ್ಚಾಗಿ ಬಾಧಿಸುವ ಇದನ್ನು ಬಹುಕಾಲ ಎಂಎಸ್‌ನದೇ ಒಂದು ರೂಪ ಎಂದುಕೊಂಡಿದ್ದರು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಗುರುತಿಸಿದರು. ಮರುವರ್ಷ ಅದರ ಗುರಿಯೂ ಗೊತ್ತಾಯಿತು: ಆಸ್ಟ್ರೊಸೈಟ್ ಎಂಬ ಮೆದುಳಿನ ಕೋಶಗಳ ಮೇಲೆ ನೀರು ಹಾಯಲು ಇರುವ ಬಾಗಿಲು, ಆಕ್ವಪೊರಿನ್-4.

ಇಲ್ಲಿ ಪುರಾವೆಯ ಕೊಂಡಿಗಳೆಲ್ಲ ಕೂಡಿಕೊಂಡವು. ಪ್ರತಿಕಾಯ ಬಾಗಿಲಿಗೆ ಅಂಟುತ್ತದೆ, ಕಾಂಪ್ಲಿಮೆಂಟನ್ನು ಕರೆಯುತ್ತದೆ, ಕೋಶ ಸಾಯುತ್ತದೆ. ಕಾಂಪ್ಲಿಮೆಂಟನ್ನು ತಡೆಯುವ ಎಕುಲಿಜುಮ್ಯಾಬ್ ಔಷಧದ ಪರೀಕ್ಷೆಯಲ್ಲಿ ಮರುಕಳಿಕೆ ಕಂಡದ್ದು ಶೇ. 3 ರೋಗಿಗಳಲ್ಲಿ ಮಾತ್ರ. ಹುಸಿಮದ್ದು ಪಡೆದವರಲ್ಲಿ ಅದು ಶೇ. 43. ಎಂಎಸ್‌ನಲ್ಲಿ ಇಷ್ಟು ಸ್ಪಷ್ಟವಾದ ಒಂದು ಗುರಿ, ಒಂದು ಪ್ರತಿಕಾಯ ಸಿಕ್ಕಿಲ್ಲ.

ಈ ವ್ಯತ್ಯಾಸ ರೋಗಿಗೆ ಬಹಳ ದೊಡ್ಡದು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮೋಡ್, ನಟಾಲಿಜುಮ್ಯಾಬ್‌ನಂತಹ ಔಷಧಗಳು ನ್ಯೂರೋಮಯಲೈಟಿಸ್ ಆಪ್ಟಿಕಾ ಇರುವವರಲ್ಲಿ ರೋಗವನ್ನು ಉಲ್ಬಣಗೊಳಿಸಬಲ್ಲವು. ತಪ್ಪು ಹೆಸರಿನ ಚಿಕಿತ್ಸೆಗೆ ಬೆಲೆಯಾಗಿ ಕಣ್ಣೋ ಕಾಲೋ ಹೋಗಬಹುದು. ಮಯಲಿನ್ ಮೇಲಿನ ಮಾಗ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯದಿಂದ ಗುರುತಿಸುವ ಮತ್ತೊಂದು ಕಾಯಿಲೆಯನ್ನೂ ಈಗ ಎಂಎಸ್‌ನಿಂದ ಬೇರೆಯಾಗಿಯೇ ನೋಡಲಾಗುತ್ತದೆ.

ನಮ್ಮಲ್ಲಿ ಈ ಎಚ್ಚರ ಇನ್ನಷ್ಟು ಬೇಕು. 2014ರಲ್ಲಿ ಪ್ರಕಟವಾದ ಮಂಗಳೂರು ನಗರದ ಅಧ್ಯಯನದಲ್ಲಿ ಎಂಎಸ್ ಪ್ರಮಾಣ ಲಕ್ಷಕ್ಕೆ ಸುಮಾರು 8, ನ್ಯೂರೋಮಯಲೈಟಿಸ್ ಆಪ್ಟಿಕಾ ಪ್ರಮಾಣ ಲಕ್ಷಕ್ಕೆ ಸುಮಾರು 2.6 ಎಂದು ಕಂಡುಬಂತು. ಅಂದರೆ ಎಂಎಸ್ ಇರುವ ಪ್ರತಿ ಮೂವರಿಗೆ ಹೆಚ್ಚುಕಡಿಮೆ ಒಬ್ಬರಂತೆ ಈ ಹೋಲಿಕೆಯ ಕಾಯಿಲೆಯವರಿದ್ದಾರೆ. ಯುರೋಪಿಯನ್ ಮೂಲದ ಜನರಲ್ಲಿ ಈ ಪಾಲು ತೀರಾ ಚಿಕ್ಕದು.

ಕೆಲವು ತಪ್ಪು ತಿಳಿವಳಿಕೆಗಳು

*'ಇಮ್ಯುನಿಟಿ ಹೆಚ್ಚಿಸಿಕೊಂಡರೆ ಎಂಎಸ್ ವಾಸಿಯಾಗುತ್ತದೆ.'* ಎಂಎಸ್ ರೋಗನಿರೋಧಕ ಶಕ್ತಿಯ ಕೊರತೆಯಿಂದ ಬರುವ ಕಾಯಿಲೆಯಲ್ಲ, ಅದು ದಾರಿ ತಪ್ಪಿದ್ದರಿಂದ ಬರುವುದು. 'ಇಮ್ಯುನಿಟಿ ಬೂಸ್ಟರ್' ಎಂದು ಮಾರುವ ಪುಡಿ, ಕಷಾಯಗಳು ಎಂಎಸ್ ವಾಸಿಮಾಡುತ್ತವೆ ಎಂಬುದಕ್ಕೆ ಪುರಾವೆ ಇಲ್ಲ. ಅವನ್ನು ನಂಬಿ ಔಷಧ ನಿಲ್ಲಿಸುವುದು ಅಪಾಯ.

*'ದ್ರವದಲ್ಲಿ ಗೆರೆ ಕಂಡರೆ ಎಂಎಸ್ ಖಚಿತ.'* ಅಲ್ಲ. ಮೆದುಳಿನ ಸೋಂಕು ಮತ್ತು ಬೇರೆ ಕೆಲವು ಉರಿಯೂತಗಳಲ್ಲೂ ಗೆರೆಗಳು ಕಾಣಬಹುದು. ಗೆರೆ ಇಲ್ಲದ ಎಂಎಸ್ ರೋಗಿಗಳೂ ಇದ್ದಾರೆ. ಲಕ್ಷಣ, ಎಂಆರ್‌ಐ, ದ್ರವದ ಪರೀಕ್ಷೆ ಎಲ್ಲವನ್ನೂ ಒಟ್ಟಿಗಿಟ್ಟು ನರರೋಗ ತಜ್ಞರು ನಿರ್ಧರಿಸುತ್ತಾರೆ.

*'ದ್ರವದಲ್ಲಿ ದಡಾರದ ಪ್ರತಿಕಾಯ ಸಿಕ್ಕಿತು, ಹಾಗಾದರೆ ದಡಾರ ಅಥವಾ ಲಸಿಕೆಯೇ ಕಾರಣ.'* ಎಂಎಸ್ ಇರುವ ಅನೇಕರ ದ್ರವದಲ್ಲಿ ದಡಾರ, ರುಬೆಲ್ಲಾ, ಸೀತಾಳೆ ಸಿಡುಬಿನ ವೈರಸ್‌ಗಳ ವಿರುದ್ಧ ಪ್ರತಿಕಾಯಗಳು ಸಿಗುತ್ತವೆ. ಆ ಸೋಂಕುಗಳು ಮೆದುಳಿನಲ್ಲಿವೆ ಎಂದು ಇದರರ್ಥವಲ್ಲ. ಹಳೆಯ ನೆನಪುಳ್ಳ ಬಿ ಕೋಶಗಳೂ ಗುಂಪಿನೊಂದಿಗೆ ಒಳಬಂದು ಕೂತಿವೆ ಎಂದಷ್ಟೇ ಇದು ತಿಳಿಸುತ್ತದೆ.

*'ಎಪ್‌ಸ್ಟೀನ್-ಬಾರ್ ವೈರಸ್ ತಗಲಿದರೆ ಎಂಎಸ್ ಬರುತ್ತದೆ.'* ಜಗತ್ತಿನ ಶೇ. 90ಕ್ಕೂ ಹೆಚ್ಚು ವಯಸ್ಕರಿಗೆ ಈ ವೈರಸ್ ತಗಲಿಯೇ ಇರುತ್ತದೆ. ಅವರಲ್ಲಿ ಎಂಎಸ್ ಬರುವುದು ತೀರಾ ಕೆಲವರಿಗೆ. ವೈರಸ್ ಬೇಕಾದ ಕಾರಣಗಳಲ್ಲಿ ಒಂದಿರಬಹುದು, ಅದೊಂದೇ ಸಾಲದು.

ಒಟ್ಟಾರೆ ಹೇಳುವುದಾದರೆ

ಎಂಎಸ್ ಬಾಧಿತ ಮೆದುಳಿನಲ್ಲಿ ಪ್ರತಿಕಾಯಗಳಿಗೆ ಒಂದೇ ಪಾತ್ರವಿಲ್ಲ. ಕೆಲವರಲ್ಲಿ ಅವು ಕಾಂಪ್ಲಿಮೆಂಟಿನ ಜೊತೆ ಸೇರಿ ಮಯಲಿನ್ ಹಾಳುಮಾಡುತ್ತವೆ. ಕೆಲವು ಪ್ರತಿಕಾಯಗಳು ಹಾನಿಯ ನಂತರ ಕಸ ಕಂಡು ಹುಟ್ಟಿದವು. ಹಲವರಲ್ಲಿ ಅವು ರೋಗ ಪತ್ತೆಗೆ ನೆರವಾಗುವ ಸಾಕ್ಷಿಗಳು. ಪ್ರತಿಕಾಯಕ್ಕಿಂತ ಅದನ್ನು ಹುಟ್ಟಿಸುವ ಬಿ ಕೋಶಗಳೇ ದೊಡ್ಡ ಪಾತ್ರಧಾರಿಗಳು ಎಂಬುದನ್ನು ಔಷಧಗಳು ತೋರಿಸಿಕೊಟ್ಟಿವೆ.

ನಿಮಗಾಗಲಿ ಮನೆಯವರಿಗಾಗಲಿ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗಿ ಅಲುಗಿಸಿದರೆ ನೋಯುತ್ತಿದ್ದರೆ, ಅಥವಾ ಕೈಕಾಲಿನ ಜೋಮು, ನಿಶ್ಶಕ್ತಿ ಒಂದು ದಿನ ಕಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣುವುದಕ್ಕೆ ತಡಮಾಡಬೇಡಿ. ಅದು ಎಂಎಸ್ ಇರಬಹುದು ಎಂದು ವೈದ್ಯರು ಹೇಳಿದರೆ, ಆಕ್ವಪೊರಿನ್-4 ಮತ್ತು ಮಾಗ್ ಪ್ರತಿಕಾಯಗಳ ರಕ್ತಪರೀಕ್ಷೆ ತಮಗೆ ಅಗತ್ಯವೇ ಎಂದು ಕೇಳಿ. ದೀರ್ಘಕಾಲದ ಔಷಧ ಶುರುವಾಗುವ ಮೊದಲೇ ಕೇಳಬೇಕಾದ ಪ್ರಶ್ನೆ ಅದು.